ದೇವರು ಕೊಟ್ಟರೂ ಪೂಜಾರಿ ಕೊಡದ ಸೆಟ್ಟಿಂಗ್

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇವತ್ತು ಸರಿಯಾಗಿ ಹೊಂದುವುದು ಸಾಫ್ಟ್‌ವೇರ್ ಲೋಕಕ್ಕೆ. ಗರ್ಭಗುಡಿಯಲ್ಲಿ ಡೇಟಾಬೇಸ್ ಎಂಬ ದೇವರಿದ್ದಾನೆ. ಕೇಳಿದ್ದನ್ನು ಕೊಡುವ ಶಕ್ತಿ ಅವನಿಗಿದೆ. ಹೊರಗೆ ಅಪ್ಲಿಕೇಶನ್ ಎಂಬ ಭಕ್ತ ಕೈಮುಗಿದು ನಿಂತಿದ್ದಾನೆ. ನಡುವೆ ಡ್ರೈವರ್, ಕನೆಕ್ಷನ್ ಪೂಲ್, ಫ್ರೇಮ್‌ವರ್ಕ್, ಕನೆಕ್ಟರ್ ಎಂದು ನಾಲ್ಕೈದು ಮಂದಿ ಪೂಜಾರಿಗಳು ಸಾಲಾಗಿದ್ದಾರೆ. ದೇವರ ಬಳಿ ಒಂದು ಸೌಲಭ್ಯ ಇರುವುದು ಎಲ್ಲರಿಗೂ ಗೊತ್ತು. ಆದರೆ ಸಾಲಿನಲ್ಲಿ ಯಾರಾದರೂ ಒಬ್ಬರು ‘ನಮ್ಮಲ್ಲಿ ಆ ಆಯ್ಕೆ ಇಲ್ಲ’ ಅಂದರೆ ಸಾಕು, ಅದು ಭಕ್ತನ ಕೈಗೆ ಬರುವುದೇ ಇಲ್ಲ.

ಇದು ಎಂಜಿನಿಯರುಗಳ ಒಳಜಗಳ ಎಂದು ಪುಟ ತಿರುಗಿಸಬೇಡಿ. ನಿಮ್ಮ ಬ್ಯಾಂಕ್ ಖಾತೆ, ಊರಿಗೆ ಹೋಗುವ ಬಸ್ಸಿನ ಟಿಕೆಟ್, ಆಸ್ಪತ್ರೆಯ ರಿಪೋರ್ಟ್, ಮಕ್ಕಳ ಶಾಲೆಯ ದಾಖಲೆ ಎಲ್ಲವೂ ಈ ಸಾಲನ್ನು ದಾಟಿಯೇ ಬರುತ್ತವೆ. ಪುಣೆಯ ಹಿಂಜವಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಓಎಂಆರ್, ನವಿ ಮುಂಬೈನ ಐರೋಲಿ, ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಕುಳಿತು ಈ ಪದರಗಳನ್ನು ಬರೆಯುವವರಲ್ಲಿ, ಕೊಳ್ಳುವವರಲ್ಲಿ, ರಾತ್ರಿ ಪಾಳಿಯಲ್ಲಿ ಕಾಯುವವರಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಅವರ ಮುಂದೆ ಇಡಬೇಕಾದ ಮಾತು ಇದು: ಕೆಳಗಿನ ಪದರದಲ್ಲಿರುವ ಆಯ್ಕೆಯನ್ನು ಮೇಲಿನ ಪದರ ಮುಚ್ಚಿಡುವುದು ಸರಳತೆ ಅಲ್ಲ. ಅದು ಇನ್ನೊಬ್ಬರ ಪರವಾಗಿ, ಅವರನ್ನು ಕೇಳದೆ ತೆಗೆದುಕೊಂಡ ತೀರ್ಮಾನ.

ಪದರಗಳು ಹುಟ್ಟಿದ್ದು ಹೇಗೆ

ಪದರಗಳು ಬೇಡ ಎಂದು ಯಾರೂ ಹೇಳುವುದಿಲ್ಲ. ಒಂದು ಕಾಲದಲ್ಲಿ ಪ್ರತಿ ಡೇಟಾಬೇಸಿಗೂ ಅದರದೇ ಭಾಷೆ, ಅದರದೇ ಲೈಬ್ರರಿ ಇತ್ತು. ಡೇಟಾಬೇಸ್ ಬದಲಾದರೆ ಪ್ರೋಗ್ರಾಮನ್ನೇ ತಿದ್ದಬೇಕಿತ್ತು. ಈ ಗೋಳು ತಪ್ಪಿಸಲು 1992ರಲ್ಲಿ ಮೈಕ್ರೋಸಾಫ್ಟ್ ಓಡಿಬಿಸಿ ತಂದಿತು. 1997ರಲ್ಲಿ ಜಾವಾ ಜೊತೆಗೆ ಜೆಡಿಬಿಸಿ ಬಂತು. ಡ್ರೈವರ್ ಎಂಬ ದುಭಾಷಿಯನ್ನು ನಡುವೆ ನಿಲ್ಲಿಸಿದರೆ, ಅಪ್ಲಿಕೇಶನ್ ಒಂದೇ ಬಗೆಯಲ್ಲಿ ಮಾತಾಡಿದರೆ ಸಾಕು. ಆಮೇಲೆ ಪ್ರತಿ ಸಲ ಹೊಸ ಸಂಪರ್ಕ ತೆರೆಯುವುದು ದುಬಾರಿ ಎಂದು ಪೂಲ್ ಬಂತು. ಎಸ್‌ಕ್ಯೂಎಲ್ ಬರೆಯುವ ಕಷ್ಟ ತಪ್ಪಿಸಲು ಹೈಬರ್ನೇಟ್, ಜ್ಯಾಂಗೋ ತರಹದವು ಬಂದವು. ಅವುಗಳ ಮೇಲೆ, ಕೋಡ್ ಬರೆಯದೆ ಮೌಸಿನಲ್ಲೇ ದತ್ತಾಂಶ ಸಾಗಿಸುವ ಕನೆಕ್ಟರುಗಳು ಬಂದವು. ಒಂದೊಂದೂ ಒಂದೊಂದು ನೋವಿಗೆ ಕೊಟ್ಟ ಔಷಧಿ.

ಗಮನಿಸಬೇಕಾದ ಸಂಗತಿ ಒಂದಿದೆ. ಮೊದಲಿನವರು ಆಯ್ಕೆಗಳನ್ನು ಮರೆತಿರಲಿಲ್ಲ. ಜೆಡಿಬಿಸಿಯ ಮೊದಲ ವಿನ್ಯಾಸದಲ್ಲೇ, ‘ನಿನಗೆ ಯಾವ ಯಾವ ಆಯ್ಕೆಗಳು ಗೊತ್ತು? ಯಾವುದು ಕಡ್ಡಾಯ? ಒಂದೊಂದರ ವಿವರಣೆ ಏನು?’ ಎಂದು ಡ್ರೈವರನ್ನೇ ಕೇಳುವ ಏರ್ಪಾಡು ಇದೆ. ಓಡಿಬಿಸಿಯಲ್ಲೂ ಅಂಥದ್ದೇ ಒಂದಿದೆ. ಪೋಸ್ಟ್‌ಗ್ರೆಸ್‌ನ ಮೂಲ ಲೈಬ್ರರಿ ಲಿಬ್‌ಪಿಕ್ಯೂ ಕೂಡ ಕೇಳಿದರೆ ತನ್ನ ಆಯ್ಕೆಗಳ ಪಟ್ಟಿಯನ್ನು ಕೊಡುತ್ತದೆ. ಅಂದರೆ ಮೇಲೆ ಕೂರುವ ಉಪಕರಣ ಯಾವ ಆಯ್ಕೆಯನ್ನೂ ಊಹಿಸಬೇಕಿಲ್ಲ, ಬಚ್ಚಿಡಬೇಕಿಲ್ಲ. ಕೇಳಿ ತಿಳಿದು ತೆರೆಯ ಮೇಲೆ ತೋರಿಸಿದರಾಯಿತು. ಡಿಬೀವರ್ ಎಂಬ ಮುಕ್ತ ತಂತ್ರಾಂಶದಲ್ಲಿ ‘ಡ್ರೈವರ್ ಪ್ರಾಪರ್ಟೀಸ್’ ಎಂಬ ಹಾಳೆ ಇರುವುದು ಇದಕ್ಕಾಗಿಯೇ. ಬಿಟ್ಟಿ ಸಿಗುವ ಉಪಕರಣಕ್ಕೆ ಸಾಧ್ಯವಾದದ್ದು, ವರ್ಷಕ್ಕೆ ಲಕ್ಷಗಟ್ಟಲೆ ಪರವಾನಗಿ ಶುಲ್ಕ ಪಡೆಯುವ ಎಷ್ಟೋ ಕನೆಕ್ಟರುಗಳಿಗೆ ಸಾಧ್ಯವಾಗಿಲ್ಲ. ಅವುಗಳ ತೆರೆಯಲ್ಲಿ ಇರುವುದು ಐದೇ ಪೆಟ್ಟಿಗೆ: ಸರ್ವರ್ ವಿಳಾಸ, ಪೋರ್ಟ್, ಡೇಟಾಬೇಸ್ ಹೆಸರು, ಬಳಕೆದಾರ, ಪಾಸ್‌ವರ್ಡ್.

ಕನ್ನಡದ ಹೆಸರು ಐದು ಪ್ರಶ್ನೆಗಳಾದಾಗ

ಐದು ಪೆಟ್ಟಿಗೆ ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಲಿಪಿಯೇ ಸಾಕ್ಷಿ. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15 ಬೈಟ್. ಇದನ್ನು ಡೇಟಾಬೇಸಿಗೆ ಕಳಿಸುವಾಗ ಯಾವ ಸಂಕೇತಪದ್ಧತಿಯಲ್ಲಿ ಕಳಿಸಬೇಕು ಎಂಬ ತೀರ್ಮಾನ ಡ್ರೈವರಿನದು.

ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. 2018ರಲ್ಲಿ 8.0 ಆವೃತ್ತಿ ಬರುವ ತನಕ ಅದರ ಮೂಲ ಸೆಟ್ಟಿಂಗ್ ಲ್ಯಾಟಿನ್-1, ಜೊತೆಗೆ ಸ್ವೀಡಿಷ್ ಅಕಾರಾದಿ. ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಅದು ಸಾಕು. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ನೀವು ಟೇಬಲ್ಲನ್ನು ಯುಟಿಎಫ್-8 ಎಂದು ಕಟ್ಟಿರಬಹುದು. ಆದರೆ ಡ್ರೈವರಿಗೆ ಪ್ರತ್ಯೇಕವಾಗಿ ಹೇಳದಿದ್ದರೆ, ಹಳೆಯ ಜಾವಾ ಡ್ರೈವರ್ ಸರ್ವರಿನ ಮೂಲ ಸೆಟ್ಟಿಂಗನ್ನು ನೋಡಿ ತಾನೂ ಅದನ್ನೇ ಹಿಡಿಯುತ್ತಿತ್ತು. ಲ್ಯಾಟಿನ್-1ರಲ್ಲಿ ಇಲ್ಲದ ಅಕ್ಷರ ಬಂದರೆ ಅದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತಿತ್ತು. ‘ಕನ್ನಡ’ ಹೋಗಿ ‘?????’ ಆಗುತ್ತಿತ್ತು.

ಇದರ ಕ್ರೌರ್ಯ ಎಲ್ಲಿದೆ ಎಂದರೆ, ದೋಷ ನಡೆದದ್ದು ಡೇಟಾಬೇಸ್ ಮುಟ್ಟುವ ಮೊದಲೇ. ಸರ್ವರಿನ ಕಣ್ಣಿಗೆ ಪ್ರಶ್ನಾರ್ಥಕ ಚಿಹ್ನೆ ಒಂದು ಒಳ್ಳೆಯ ಅಕ್ಷರವೇ. ಹಾಗಾಗಿ ಎಷ್ಟೇ ಕಟ್ಟುನಿಟ್ಟಿನ ತಪಾಸಣೆ ಇಟ್ಟರೂ ಅದು ಎಚ್ಚರಿಸುವುದಿಲ್ಲ. ಯುಟಿಎಫ್-8ರ ಬೈಟುಗಳನ್ನು ತಪ್ಪಾಗಿ ಓದಿ ವಿಚಿತ್ರ ಅಕ್ಷರಗಳು ಕಂಡರೆ ಅದನ್ನು ಹೆಚ್ಚಿನ ಸಲ ತಿರುಗಿಸಿ ಸರಿಪಡಿಸಬಹುದು, ಮೂಲ ಬೈಟುಗಳು ಅಲ್ಲೇ ಇರುತ್ತವೆ. ಪ್ರಶ್ನೆಯಾದ ಅಕ್ಷರ ಮಾತ್ರ ಹೋಯಿತು ಅಂದರೆ ಹೋಯಿತು.

ಇದಕ್ಕೆ ಪರಿಹಾರ ಡ್ರೈವರಿನಲ್ಲಿ ಆಗಲೂ ಇತ್ತು. ‘ಕ್ಯಾರೆಕ್ಟರ್ ಎನ್‌ಕೋಡಿಂಗ್’ ಎಂಬ ಒಂದು ಆಯ್ಕೆಯನ್ನು ಸಂಪರ್ಕದ ವಿಳಾಸಕ್ಕೆ ಸೇರಿಸಿದರೆ ಮುಗಿಯಿತು. ಆದರೆ ಸೇರಿಸಲು ಜಾಗ ಬೇಕಲ್ಲ? ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ, ಶಾಖೆಗಳಿಂದ ಬರುವ ಗ್ರಾಹಕರ ವಿವರವನ್ನು ಪುಣೆಯ ಕೇಂದ್ರ ಡೇಟಾಬೇಸಿಗೆ ಬರೆಯಲು ಗ್ರಾಹಕ ಸಂಸ್ಥೆ ಒಂದು ಕನೆಕ್ಟರ್ ಕೊಂಡಿತ್ತು. ಮರಾಠಿ ಹೆಸರುಗಳನ್ನು ಪುಣೆಯ ಶಾಖೆಯವರು ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು, ಯಾರಿಗೂ ಏನೂ ಕಾಣಲಿಲ್ಲ. ಕನ್ನಡದಲ್ಲಿ ಬರೆದಿದ್ದು ಹುಬ್ಬಳ್ಳಿ ಶಾಖೆ. ಅಲ್ಲಿಂದ ಫೋನ್ ಬಂತು: ‘ಸರ, ಗಿರಾಕಿ ಹೆಸರೆಲ್ಲಾ ಪ್ರಶ್ನಿ ಚಿಹ್ನಿ ಆಗ್ಯಾವ್ರಿ. ಬಿಲ್ ಯಾರಿಗಂತ ಕೊಡೂದು?’

ಹಳೆಯ ಅಪ್ಲಿಕೇಶನ್ ಅದೇ ಡ್ರೈವರಿನಿಂದ, ಅದೇ ಡೇಟಾಬೇಸಿಗೆ ಸರಿಯಾಗಿ ಬರೆಯುತ್ತಿತ್ತು. ಅದರ ವಿಳಾಸದಲ್ಲಿ ಆ ಆಯ್ಕೆ ಇತ್ತು. ಹೊಸ ಕನೆಕ್ಟರ್ ತನ್ನ ಐದು ಪೆಟ್ಟಿಗೆಗಳಿಂದ ತಾನೇ ವಿಳಾಸ ಕಟ್ಟುತ್ತಿತ್ತು, ಆರನೆಯದಕ್ಕೆ ಅವಕಾಶವೇ ಇರಲಿಲ್ಲ. ಸರ್ವರಿನ ಮೂಲ ಸೆಟ್ಟಿಂಗ್ ಬದಲಿಸೋಣ ಅಂದರೆ ಅದರ ಮೇಲೆ ಇನ್ನೂ ಹತ್ತಾರು ಹಳೆಯ ಅಪ್ಲಿಕೇಶನ್‌ಗಳು ನಿಂತಿದ್ದವು. ಡೇಟಾಬೇಸ್ ತಂಡ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿಯೇ. ಮಾರಿದವರು ‘ಮುಂದಿನ ಆವೃತ್ತಿಯಲ್ಲಿ ನೋಡೋಣ’ ಅಂದರು. ಅಷ್ಟರಲ್ಲಿ ಅಳಿಸಿಹೋದ ಹೆಸರುಗಳನ್ನು ಹುಬ್ಬಳ್ಳಿಯ ಇಬ್ಬರು ಗುಮಾಸ್ತರು ಕಾಗದದ ಬಿಲ್ಲು ನೋಡಿ ಮತ್ತೆ ಟೈಪ್ ಮಾಡಿದರು. ಕಡೆಗೆ ಬಂದ ಆವೃತ್ತಿಯಲ್ಲಿ ಇದ್ದ ಬದಲಾವಣೆ ಒಂದೇ: ‘ಹೆಚ್ಚುವರಿ ಆಯ್ಕೆಗಳು’ ಎಂಬ ಒಂದು ಖಾಲಿ ಪೆಟ್ಟಿಗೆ.

ಮೈಎಸ್‌ಕ್ಯೂಎಲ್ ಈಗ ಬದಲಾಗಿದೆ. 8.0ರಿಂದ ಅದರ ಮೂಲ ಸೆಟ್ಟಿಂಗ್ ನಾಲ್ಕು ಬೈಟಿನ ಯುಟಿಎಫ್-8. ಆದರೆ ಹಳೆಯ 5.7ಕ್ಕೆ ಅಧಿಕೃತ ಬೆಂಬಲ ಮುಗಿದದ್ದೇ 2023ರ ಅಕ್ಟೋಬರಿನಲ್ಲಿ. ಹಳೆಯ ಕಾಲದಲ್ಲಿ ಕಟ್ಟಿ, ಹಾಗೆಯೇ ಮೇಲೇರಿಸಿಕೊಂಡು ಬಂದ ಸೆಟ್ಟಿಂಗುಗಳು ಎಷ್ಟೋ ಕಡೆ ಉಳಿದಿರುತ್ತವೆ. ತೆಲುಗು, ತಮಿಳು, ದೇವನಾಗರಿಗಳಿಗೂ ಯುಟಿಎಫ್-8ರಲ್ಲಿ ಮೂರೇ ಬೈಟ್. ಹೈದರಾಬಾದಿನ, ಚೆನ್ನೈನ, ಪುಣೆಯ ಸಹೋದ್ಯೋಗಿಗೂ ಕಾದಿರುವ ಅಪಾಯ ಇದೇ.

ಕಾಯುವುದಕ್ಕೂ ಒಂದು ಮಿತಿ

ಎರಡನೆಯ ಉದಾಹರಣೆ ಸಮಯದ್ದು. ಡೇಟಾಬೇಸಿಗೆ ಪ್ರಶ್ನೆ ಕಳಿಸಿ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು? ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ಎರಡರ ಜಾವಾ ಡ್ರೈವರುಗಳಲ್ಲೂ ಇದಕ್ಕೆ ‘ಸಾಕೆಟ್ ಟೈಮ್‌ಔಟ್’ ಎಂಬ ಆಯ್ಕೆ ಇದೆ. ಎರಡರಲ್ಲೂ ಮೂಲ ಬೆಲೆ ಸೊನ್ನೆ. ಸೊನ್ನೆ ಅಂದರೆ ಕಾಯಬೇಡ ಎಂದಲ್ಲ, ಎಷ್ಟು ಹೊತ್ತಾದರೂ ಕಾಯಿ ಎಂದರ್ಥ. ನಡುವಿನ ಫೈರ್‌ವಾಲ್ ಸಂಪರ್ಕವನ್ನು ಸದ್ದಿಲ್ಲದೆ ಕತ್ತರಿಸಿದರೆ ಆ ಕಡೆಯಿಂದ ಉತ್ತರ ಬರುವುದಿಲ್ಲ, ಸಂಪರ್ಕ ಮುರಿದ ಸುದ್ದಿಯೂ ಬರುವುದಿಲ್ಲ. ಪ್ರೋಗ್ರಾಂ ಸುಮ್ಮನೆ ನಿಂತುಬಿಡುತ್ತದೆ. ‘ಕೀಪ್ ಅಲೈವ್’ ಹಾಕಿದ್ದರೂ ಲಿನಕ್ಸ್‌ನ ಮೂಲ ಸೆಟ್ಟಿಂಗಿನಲ್ಲಿ ಮೊದಲ ವಿಚಾರಣೆ ಹೊರಡುವುದು 7,200 ಸೆಕೆಂಡುಗಳ ನಂತರ. ಅಂದರೆ ಎರಡು ಗಂಟೆ. ತಿಂಗಳ ಕೊನೆಯ ಸಂಬಳದ ಲೆಕ್ಕ ರಾತ್ರಿ 2ಕ್ಕೆ ಹೀಗೆ ನಿಂತರೆ ಬೆಳಿಗ್ಗೆ ಆಗುವ ಗಲಾಟೆಯನ್ನು ರಾತ್ರಿ ಪಾಳಿಯವರನ್ನು ಕೇಳಿ.

ಇಲ್ಲಿ ತೊಂದರೆ ಆಯ್ಕೆ ಇಲ್ಲದ್ದು ಮಾತ್ರವಲ್ಲ, ಹೆಸರಿನ ಗೊಂದಲವೂ ಹೌದು. ಹಿಕಾರಿಸಿಪಿ ಎಂಬ ಜನಪ್ರಿಯ ಪೂಲಿನಲ್ಲಿ ‘ಕನೆಕ್ಷನ್ ಟೈಮ್‌ಔಟ್’ ಎಂಬುದೊಂದಿದೆ, ಮೂಲ ಬೆಲೆ 30 ಸೆಕೆಂಡು. ಓದಿದವರು ಡೇಟಾಬೇಸಿಗೆ ಕಾಯುವ ಮಿತಿ ಇದೇ ಇರಬೇಕು ಅಂದುಕೊಳ್ಳುತ್ತಾರೆ. ಅದು ಪೂಲಿನಿಂದ ಒಂದು ಖಾಲಿ ಸಂಪರ್ಕ ಸಿಗುವ ತನಕ ಕಾಯುವ ಮಿತಿ ಮಾತ್ರ. ಸಂಪರ್ಕ ಕೈಗೆ ಬಂದ ಮೇಲೆ ಪ್ರಶ್ನೆ ಎಷ್ಟು ಹೊತ್ತು ನೇತಾಡಿದರೂ ಅದು ಕೇಳುವುದಿಲ್ಲ.

ಅಳತೆಯ ಗೊಂದಲ ಇನ್ನೂ ಅಪಾಯಕಾರಿ. ಮೈಎಸ್‌ಕ್ಯೂಎಲ್ ಡ್ರೈವರ್ ಸಾಕೆಟ್ ಟೈಮ್‌ಔಟನ್ನು ಮಿಲಿಸೆಕೆಂಡಿನಲ್ಲಿ ಎಣಿಸುತ್ತದೆ, ಪೋಸ್ಟ್‌ಗ್ರೆಸ್ ಡ್ರೈವರ್ ಸೆಕೆಂಡಿನಲ್ಲಿ. ಮೊದಲನೆಯದಕ್ಕೆ ಬರೆದ 30000 ಎಂಬ ಸಂಖ್ಯೆಯನ್ನು ಎರಡನೆಯದಕ್ಕೆ ಹಾಗೇ ಎತ್ತಿ ಹಾಕಿದರೆ, 30 ಸೆಕೆಂಡಿನ ಬದಲು 8 ಗಂಟೆ 20 ನಿಮಿಷ ಕಾಯುತ್ತದೆ. ತಿರುಗಾಮುರುಗಾ ಆಗಿ 30 ಎಂದು ಮೈಎಸ್‌ಕ್ಯೂಎಲ್‌ಗೆ ಕೊಟ್ಟರೆ, 30 ಮಿಲಿಸೆಕೆಂಡಿಗಿಂತ ತಡವಾದ ಪ್ರತಿ ಪ್ರಶ್ನೆಯೂ ಕತ್ತರಿಸಿ ಬೀಳುತ್ತದೆ. ಸೇರು ಯಾವುದು, ಕಿಲೋ ಯಾವುದು ಎಂದು ಹೇಳದೆ ಅಕ್ಕಿ ಅಳೆದ ಹಾಗೆ.

ಒಂದು ಪುಟ್ಟ ಸಂಖ್ಯೆಯ ಬೆಲೆ

ಮೂರನೆಯದು ಸಾಲುಗಳನ್ನು ಎಷ್ಟೆಷ್ಟು ತರಬೇಕು ಎಂಬ ಆಯ್ಕೆ. ಒರಾಕಲ್‌ನ ಜಾವಾ ಡ್ರೈವರ್ ಮೂಲ ಸೆಟ್ಟಿಂಗಿನಲ್ಲಿ ಒಂದು ಸುತ್ತಿಗೆ 10 ಸಾಲು ತರುತ್ತದೆ. ಒಂದು ಲಕ್ಷ ಸಾಲು ಬೇಕೆಂದರೆ 10,000 ಸುತ್ತು. ಡೇಟಾಬೇಸ್ ಒಂದು ಊರಿನಲ್ಲಿ, ಅಪ್ಲಿಕೇಶನ್ ಇನ್ನೊಂದು ಊರಿನಲ್ಲಿ ಇದ್ದು, ಒಂದು ಸುತ್ತಿಗೆ 30 ಮಿಲಿಸೆಕೆಂಡ್ ಎಂದುಕೊಂಡರೆ ಓಡಾಟಕ್ಕೇ 5 ನಿಮಿಷ. ಅದೇ ಸಂಖ್ಯೆಯನ್ನು 1,000 ಮಾಡಿದರೆ 100 ಸುತ್ತು, 3 ಸೆಕೆಂಡು. ಯಂತ್ರ ಬದಲಿಸಿಲ್ಲ, ಕೋಡ್ ಬದಲಿಸಿಲ್ಲ, ಹಣ ಸುರಿದಿಲ್ಲ. ಆ ಸಂಖ್ಯೆ ಕೈಗೆ ಸಿಗದಿದ್ದರೆ ಮಾತ್ರ ಕಂಪನಿ ದೊಡ್ಡ ಸರ್ವರ್ ಕೊಳ್ಳುತ್ತದೆ.

ಪೋಸ್ಟ್‌ಗ್ರೆಸ್ ಡ್ರೈವರಿನದು ಇದಕ್ಕೆ ವಿರುದ್ಧ ಸ್ವಭಾವ: ಹೇಳದಿದ್ದರೆ ಎಲ್ಲ ಸಾಲುಗಳನ್ನೂ ಒಂದೇ ಸಲ ಮೆಮೊರಿಗೆ ತುಂಬುತ್ತದೆ. ಇಷ್ಟಿಷ್ಟೇ ತಾ ಎಂದು ಹೇಳಿದರೂ, ‘ಆಟೋ ಕಮಿಟ್’ ಎಂಬ ಇನ್ನೊಂದು ಆಯ್ಕೆಯನ್ನು ಆಫ್ ಮಾಡದ ಹೊರತು ಅದು ಕೇಳುವುದಿಲ್ಲ. ಮೈಎಸ್‌ಕ್ಯೂಎಲ್ ಡ್ರೈವರಿನಲ್ಲಿ ಸಾಲು ಸಾಲಾಗಿ ಹರಿಸು ಎನ್ನಲು ಮೈನಸ್ 214,74,83,648 ಎಂಬ ಸಂಖ್ಯೆಯನ್ನು ಮಂತ್ರದಂತೆ ಕೊಡಬೇಕು. ಜಾವಾದಲ್ಲಿ ಸಾಮಾನ್ಯ ಪೂರ್ಣಾಂಕ ಇಳಿಯಬಹುದಾದ ಕಟ್ಟಕಡೆಯ ಮೆಟ್ಟಿಲು ಅದು. ಮೇಲಿನ ಪದರ ‘ಋಣಸಂಖ್ಯೆ ತಪ್ಪು’ ಎಂದು ತಾನೇ ತಿದ್ದಿಬಿಟ್ಟರೆ ಮಂತ್ರ ಕೆಲಸ ಮಾಡುವುದಿಲ್ಲ. ಕೆಳಗಿನವರ ರೀತಿನೀತಿ ಗೊತ್ತಿಲ್ಲದೆ ಮೇಲಿನವರು ಉಪಕಾರ ಮಾಡಹೊರಟರೆ ಹೀಗಾಗುತ್ತದೆ.

ಆರು ಬಾಗಿಲು, ಒಂದು ಟಿಕ್

ನಾಲ್ಕನೆಯದು ಭದ್ರತೆ. ಪೋಸ್ಟ್‌ಗ್ರೆಸ್‌ಗೆ ಹೋಗುವ ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚಬೇಕೇ ಎಂಬುದಕ್ಕೆ ಲಿಬ್‌ಪಿಕ್ಯೂನಲ್ಲಿ ಆರು ಹಂತಗಳಿವೆ. ಒಂದು ತುದಿಯಲ್ಲಿ ‘ಬೇಡವೇ ಬೇಡ’. ಇನ್ನೊಂದು ತುದಿಯಲ್ಲಿ ‘ಮುಚ್ಚಲೇಬೇಕು, ಪ್ರಮಾಣಪತ್ರ ನೋಡಬೇಕು, ಸರ್ವರಿನ ಹೆಸರೂ ತಾಳೆಯಾಗಬೇಕು’. ಮೂಲ ಸೆಟ್ಟಿಂಗ್ ‘ಆದರೆ ಮುಚ್ಚು, ಆಗದಿದ್ದರೆ ಬಿಡು’ ಎನ್ನುವಂಥದ್ದು. ಕಾವಲುಗಾರ ಬಾಗಿಲು ಹಾಕಲು ನೋಡುತ್ತಾನೆ, ಚಿಲಕ ಸಿಗದಿದ್ದರೆ ತೆರೆದಿಟ್ಟೇ ಮಲಗುತ್ತಾನೆ.

ಮೇಲಿನ ಎಷ್ಟೋ ಉಪಕರಣಗಳು ಈ ಆರನ್ನೂ ‘ಎಸ್‌ಎಸ್‌ಎಲ್ ಬಳಸಿ’ ಎಂಬ ಒಂದೇ ಟಿಕ್ಕಿಗೆ ಇಳಿಸಿವೆ. ಟಿಕ್ ಹಾಕಿದರೆ ಆರರಲ್ಲಿ ಯಾವುದಾಯಿತು? ದಾರಿಯಲ್ಲಿ ಕದ್ದು ಕೇಳುವವರಿಂದ ರಕ್ಷಣೆ ಬಂತೇ, ಅಥವಾ ನಮ್ಮ ಸರ್ವರಿನ ವೇಷದಲ್ಲಿ ಕುಳಿತವರಿಂದಲೂ ಬಂತೇ? ತೆರೆ ನೋಡಿದರೆ ಗೊತ್ತಾಗುವುದಿಲ್ಲ. ಆಡಿಟ್ ಬಂದಾಗ ಆ ಟಿಕ್ಕಿನ ಚಿತ್ರ ತೆಗೆದು ಕಳಿಸಿದರೆ ಎಲ್ಲರಿಗೂ ಸಮಾಧಾನ. ರೋಗಿಯ ದಾಖಲೆ, ಖಾತೆಯ ವಿವರ ಆ ತಂತಿಯ ಮೇಲೆ ಹೋಗುತ್ತಿರುವಾಗ ಈ ಸಮಾಧಾನ ಸಾಲದು.

ಮುಚ್ಚಿಡುವವರ ವಾದ

ಮುಚ್ಚಿಡುವವರಲ್ಲೂ ನ್ಯಾಯವಾದ ಕಾರಣಗಳಿವೆ. ಒಂದು ಡ್ರೈವರಿನಲ್ಲಿ ನೂರಾರು ಆಯ್ಕೆಗಳಿರುತ್ತವೆ. ಎಲ್ಲವನ್ನೂ ತೆರೆಯ ಮೇಲೆ ಸುರಿದರೆ ಹೊಸಬರು ಕಂಗಾಲಾಗುತ್ತಾರೆ. ಒಂದೊಂದು ಆಯ್ಕೆ ತೆರೆದರೂ ಅದಕ್ಕೆ ಪರೀಕ್ಷೆ ಬರೆಯಬೇಕು, ಬಂದ ದೂರಿಗೆ ಉತ್ತರಿಸಬೇಕು. ನಾಳೆ ಕೆಳಗಿನ ಡ್ರೈವರ್ ಬದಲಿಸಬೇಕೆಂದರೆ, ಗ್ರಾಹಕರು ಬಳಸುತ್ತಿರುವ ಹಳೆಯ ಡ್ರೈವರಿನ ಆಯ್ಕೆಗಳು ಕಾಲಿಗೆ ತೊಡರುತ್ತವೆ.

ಇವೆಲ್ಲಕ್ಕಿಂತ ಗಟ್ಟಿಯಾದ ಕಾರಣ ಸುರಕ್ಷತೆ. ಅತಿಯಾದರೆ ಅಮೃತವೂ ವಿಷ. 2022ರಲ್ಲಿ ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರಿನಲ್ಲಿ ಸಿವಿಇ-2022-21724 ಎಂಬ ದೋಷ ಪ್ರಕಟವಾಯಿತು. ಸಂಪರ್ಕದ ಕೆಲವು ಆಯ್ಕೆಗಳಲ್ಲಿ ಜಾವಾ ಕ್ಲಾಸಿನ ಹೆಸರು ಕೊಡಬಹುದಿತ್ತು. ಅದು ಸರಿಯಾದ ಬಗೆಯ ಕ್ಲಾಸೇ ಎಂದು ನೋಡುವ ಮೊದಲೇ ಡ್ರೈವರ್ ಅದನ್ನು ಎಬ್ಬಿಸಿಬಿಡುತ್ತಿತ್ತು. ಸಂಪರ್ಕದ ವಿಳಾಸವನ್ನು ಹೊರಗಿನವರು ಬರೆಯಬಹುದಾದ ಕಡೆ, ಅವರು ಸರ್ವರಿನಲ್ಲಿ ತಮಗೆ ಬೇಕಾದ ಕೋಡ್ ಓಡಿಸುವ ದಾರಿ ತೆರೆಯಿತು. ಮೈಎಸ್‌ಕ್ಯೂಎಲ್‌ನಲ್ಲೂ ಸ್ಥಳೀಯ ಕಡತಗಳನ್ನು ಓದಿ ಕಳಿಸಲು ಅವಕಾಶ ಕೊಡುವ ಆಯ್ಕೆ ಇದೆ. ಕೆಟ್ಟ ಸರ್ವರಿನ ಕೈಗೆ ಸಿಕ್ಕರೆ ಅದು ನಮ್ಮ ಮನೆಯ ಬೀಗದ ಕೈ.

ಇನ್ನು ಪಿಜಿಬೌನ್ಸರ್ ತರಹದ ನಡುವಿನ ಪೂಲುಗಳಲ್ಲಿ ಒಂದೇ ಸಂಪರ್ಕವನ್ನು ಹಲವರು ಹಂಚಿಕೊಳ್ಳುತ್ತಾರೆ. ಒಬ್ಬರು ಬದಲಿಸಿದ ಸೆಟ್ಟಿಂಗ್ ಮುಂದಿನವರಿಗೆ ಅಂಟಿಕೊಂಡು ಬಂದರೆ ಅನಾಹುತ. ಆದ್ದರಿಂದ ಅದು ಅಕ್ಷರಪದ್ಧತಿ, ದಿನಾಂಕದ ರೂಪ, ಟೈಮ್‌ಝೋನ್ ಮೊದಲಾದ, ತಾನು ಲೆಕ್ಕವಿಡಬಲ್ಲ ಕೆಲವನ್ನು ಮಾತ್ರ ಒಪ್ಪುತ್ತದೆ. ಉಳಿದದ್ದು ಬಂದರೆ ‘ಇದು ನನಗೆ ಆಗದು’ ಎಂದು ಸಂಪರ್ಕವನ್ನೇ ನಿರಾಕರಿಸುತ್ತದೆ. ಮೊದಲ ದಿನ ಇದು ಕಿರಿಕಿರಿ. ಆದರೆ ಪ್ರಾಮಾಣಿಕ ಕಿರಿಕಿರಿ. ನಿಮ್ಮ ಆಯ್ಕೆಯನ್ನು ತೆಗೆದುಕೊಂಡು, ತಲೆಯಾಡಿಸಿ, ಸದ್ದಿಲ್ಲದೆ ಕಸದ ಬುಟ್ಟಿಗೆ ಹಾಕುವ ಪದರಕ್ಕಿಂತ ಮುಖದ ಮೇಲೆ ‘ಇಲ್ಲ’ ಎನ್ನುವ ಪದರ ಎಷ್ಟೋ ಮೇಲು.

ಏನು ಮಾಡಬೇಕು

ಎಲ್ಲವನ್ನೂ ತೆರೆ, ಎಲ್ಲವನ್ನೂ ಮುಚ್ಚು ಎಂಬ ಎರಡು ತುದಿಗಳ ನಡುವೆ ದಾರಿ ಇದೆ. ಅದನ್ನು ಕೆಲವರು ಆಗಲೇ ನಡೆದು ತೋರಿಸಿದ್ದಾರೆ.

ಮೊದಲನೆಯದು, ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಬೇಕಾದ ಆಯ್ಕೆಗಳನ್ನು ಮುಂದೆ ಇಡಿ, ಉಳಿದವುಗಳಿಗೆ ಒಂದು ಚೀಲ ಇಡಿ. ಜ್ಯಾಂಗೋದಲ್ಲಿ ‘ಆಪ್ಶನ್ಸ್’ ಎಂಬ ಚೀಲವಿದೆ, ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ‘ಕನೆಕ್ಟ್ ಆರ್ಗ್ಸ್’ ಇದೆ, ಹಿಕಾರಿಯಲ್ಲಿ ‘ಡೇಟಾ ಸೋರ್ಸ್ ಪ್ರಾಪರ್ಟೀಸ್’ ಇದೆ. ಅದರಲ್ಲಿ ಹಾಕಿದ್ದು ನೇರ ಕೆಳಗಿನ ಡ್ರೈವರಿಗೆ ಹೋಗುತ್ತದೆ. ಪದರ ಬರೆದವರು ಪ್ರತಿ ಆಯ್ಕೆಯ ಅರ್ಥವನ್ನೂ ತಿಳಿದಿರಬೇಕಿಲ್ಲ. ಅಂಚೆಯವನು ಪತ್ರ ಒಡೆದು ಓದುವುದಿಲ್ಲವಲ್ಲ, ಹಾಗೆ.

ಎರಡನೆಯದು, ಹೆಸರು ಬದಲಿಸಬೇಡಿ. ಕೆಳಗಿನವರು ಇಟ್ಟ ಹೆಸರನ್ನೇ ಉಳಿಸಿದರೆ ಅವರ ದಾಖಲೆ ಓದಿ ಎಲ್ಲರೂ ಅರ್ಥ ಮಾಡಿಕೊಳ್ಳಬಹುದು. ಬದಲಿಸಲೇಬೇಕಾದರೆ ಅಳತೆಯನ್ನು ಹೆಸರಿನಲ್ಲೇ ಹೇಳಿ: ‘ಟೈಮ್‌ಔಟ್’ ಅಲ್ಲ, ‘ಟೈಮ್‌ಔಟ್ ಸೆಕೆಂಡುಗಳಲ್ಲಿ’.

ಮೂರನೆಯದು, ಗೊತ್ತಿಲ್ಲದ ಆಯ್ಕೆ ಬಂದರೆ ನಿಲ್ಲಿಸಿ, ನುಂಗಬೇಡಿ. ಲಿಬ್‌ಪಿಕ್ಯೂಗೆ ತಪ್ಪು ಹೆಸರು ಕೊಟ್ಟರೆ ಅದು ಸಂಪರ್ಕ ಕೊಡದೆ ತಪ್ಪನ್ನು ಎತ್ತಿ ಹೇಳುತ್ತದೆ. ಒಂದು ಅಕ್ಷರದ ತಪ್ಪಿನಿಂದ ಭದ್ರತೆಯ ಆಯ್ಕೆ ಸದ್ದಿಲ್ಲದೆ ಬಿದ್ದುಹೋಗುವುದಕ್ಕಿಂತ ಅಪ್ಲಿಕೇಶನ್ ಏಳದಿರುವುದು ವಾಸಿ.

ನಾಲ್ಕನೆಯದು, ಕೊನೆಗೆ ಜಾರಿಗೆ ಬಂದ ಬೆಲೆ ಯಾವುದು, ಅದು ಎಲ್ಲಿಂದ ಬಂತು ಎಂದು ತೋರಿಸಿ. ಪೋಸ್ಟ್‌ಗ್ರೆಸ್ ಇದರಲ್ಲಿ ಮಾದರಿ. ಅದರ ‘ಪಿಜಿ ಸೆಟ್ಟಿಂಗ್ಸ್’ ಎಂಬ ನೋಟದಲ್ಲಿ ಪ್ರತಿ ಸೆಟ್ಟಿಂಗಿನ ಎದುರು ಅದರ ಅಳತೆ, ಮೂಲ ಸೆಟ್ಟಿಂಗೇ, ಕಡತದಿಂದ ಬಂದದ್ದೇ, ಸಂಪರ್ಕಿಸಿದವರು ಕೊಟ್ಟದ್ದೇ ಎಂಬ ವಿವರ ಇರುತ್ತದೆ. ಕಡತವಾದರೆ ಎಷ್ಟನೆಯ ಸಾಲು ಎಂಬುದನ್ನೂ ನೋಡಬಹುದು. ಐದು ಪದರಗಳಲ್ಲಿ ಪ್ರತಿಯೊಂದೂ ಹೀಗೆ ಲೆಕ್ಕ ಕೊಟ್ಟರೆ ರಾತ್ರಿ 2ರ ತನಿಖೆ ಹತ್ತು ನಿಮಿಷದ ಕೆಲಸ.

ಐದನೆಯದು, ಅಪಾಯದ ಆಯ್ಕೆಗಳಿಗೆ ಬೇರೆ ಬೀಗ. ಕ್ಲಾಸಿನ ಹೆಸರು ಕೇಳುವ, ಕಡತ ಓದುವ ಆಯ್ಕೆಗಳನ್ನು ನಿರ್ವಾಹಕರು ಮಾತ್ರ ಹಾಕಬಹುದಾಗಿರಲಿ. ಯಾರು ಬೇಕಾದರೂ ತುಂಬುವ ಫಾರ್ಮಿನಲ್ಲಿ, ಒಪ್ಪಿದ ಪಟ್ಟಿಯಲ್ಲಿ ಇರುವವು ಮಾತ್ರ ದಾಟಲಿ. ಅಕ್ಷರಪದ್ಧತಿ, ಕಾಯುವ ಮಿತಿ, ತರುವ ಸಾಲುಗಳ ಸಂಖ್ಯೆ, ಗೂಢಲಿಪಿಯ ಹಂತ ಆ ಪಟ್ಟಿಯಲ್ಲಿ ಇರಲೇಬೇಕು.

ಕೊಳ್ಳುವವರ ಹೊಣೆ

ಇದನ್ನೆಲ್ಲ ಬರೆಯುವವರ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಂಪನಿಗಳು, ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು ಕನೆಕ್ಟರ್ ಕೊಳ್ಳುವಾಗ ಎಷ್ಟು ಡೇಟಾಬೇಸುಗಳಿಗೆ ಹೊಂದುತ್ತದೆ ಎಂದು ಕೇಳುತ್ತವೆ. ನೂರಕ್ಕೂ ಹೆಚ್ಚು ಎಂಬ ಉತ್ತರ ಬಂದರೆ ಖುಷಿ. ‘ಕೆಳಗಿನ ಡ್ರೈವರಿನ ಆಯ್ಕೆಗಳನ್ನು ನಾವು ಬದಲಿಸಬಹುದೇ? ಬದಲಿಸಿದ್ದು ಜಾರಿಗೆ ಬಂದಿದೆ ಎಂದು ಎಲ್ಲಿ ನೋಡುವುದು?’ ಎಂಬ ಎರಡು ಪ್ರಶ್ನೆಗಳನ್ನು ಟೆಂಡರಿನಲ್ಲಿ ಸೇರಿಸಲು ಖರ್ಚೇನೂ ಇಲ್ಲ. ಉತ್ತರ ‘ಇಲ್ಲ’ ಆದರೆ, ಮುಂದೆ ಪ್ರತಿ ಸಣ್ಣ ಬದಲಾವಣೆಗೂ ಮಾರಿದವರ ಮುಂದಿನ ಆವೃತ್ತಿಗೆ ಕಾಯಬೇಕು ಎಂದು ಕೊಳ್ಳುವ ಮೊದಲೇ ಗೊತ್ತಾಗುತ್ತದೆ.

ಹೊರನಾಡಿನಲ್ಲಿರುವ ನಮಗೆ ಇಲ್ಲೊಂದು ವಿಶೇಷ ಕೆಲಸವೂ ಇದೆ. ಪುಣೆಯ, ಹೈದರಾಬಾದಿನ ಪರೀಕ್ಷಾ ತಂಡದಲ್ಲಿ ಕನ್ನಡದ ಹೆಸರನ್ನು ಟೈಪ್ ಮಾಡಿ ನೋಡುವವರು ನಾವಲ್ಲದೆ ಬೇರೆ ಯಾರೂ ಇರುವುದಿಲ್ಲ. ಪರೀಕ್ಷೆಯ ದತ್ತಾಂಶದಲ್ಲಿ ಹತ್ತು ಇಂಗ್ಲಿಷ್ ಹೆಸರುಗಳ ನಡುವೆ ಒಂದು ‘ಶ್ರೀಕೃಷ್ಣ’, ಒಂದು ‘ಅಕ್ಕಮ್ಮ’ ಸೇರಿಸಿ. ಪಕ್ಕದವರಿಗೆ ಹೇಳಿ ಒಂದು ಮರಾಠಿ, ಒಂದು ತೆಲುಗು ಹೆಸರನ್ನೂ ಸೇರಿಸಿ. ಒಂದು ಕಡೆಯಿಂದ ಬರೆಯಿರಿ, ಎಲ್ಲ ಪದರಗಳನ್ನೂ ದಾಟಿಸಿ, ಇನ್ನೊಂದು ಕಡೆ ಓದಿ, ಅಕ್ಷರಕ್ಕೆ ಅಕ್ಷರ ತಾಳೆ ಮಾಡಿ. ಐದು ನಿಮಿಷದ ಈ ಪರೀಕ್ಷೆ, ಊರಿನಲ್ಲಿ ಯಾರೋ ಒಬ್ಬರ ಹೆಸರು ಬಿಲ್ಲಿನಲ್ಲಿ, ಪಾಸ್‌ಬುಕ್ಕಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಉಳಿಯುತ್ತದೋ ಅಳಿಯುತ್ತದೋ ಎಂದು ಮೊದಲೇ ಹೇಳುತ್ತದೆ.

ನೀವು ಪದರ ಬರೆಯುವವರಾದರೆ ಒಂದು ಮಾತು. ನೀವು ಇಂದು ‘ಇದು ಯಾರಿಗೆ ಬೇಕಾದೀತು’ ಎಂದು ಬಿಟ್ಟ ಆಯ್ಕೆ ಯಾರಿಗೋ ಬೇಕೇ ಬೇಕಾಗುತ್ತದೆ, ಅದೂ ನೀವು ಕಾಣದ ಊರಿನಲ್ಲಿ, ನೀವು ಓದಲಾರದ ಲಿಪಿಯಲ್ಲಿ. ಅವರಿಗಾಗಿ ಒಂದು ಪೆಟ್ಟಿಗೆ ಬಿಡಿ. ಬಿಡಲಾಗದಿದ್ದರೆ ಏಕೆ ಬಿಟ್ಟಿಲ್ಲ ಎಂದು ದಾಖಲೆಯಲ್ಲಿ ಎರಡು ಸಾಲು ಬರೆಯಿರಿ. ನೀವು ಕೊಳ್ಳುವವರೋ, ಕಾಯುವವರೋ ಆದರೆ, ಈ ವಾರ ನಿಮ್ಮ ಅಪ್ಲಿಕೇಶನ್ನಿನಿಂದ ಡೇಟಾಬೇಸಿನ ತನಕ ಇರುವ ಪದರಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು, ಈ ನಾಲ್ಕು ಸೆಟ್ಟಿಂಗುಗಳ ಬೆಲೆ ಎಷ್ಟು, ಅಳತೆ ಏನು, ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ತುಂಬಿ ನೋಡಿ. ಹಾಳೆಯಲ್ಲಿ ಖಾಲಿ ಉಳಿಯುವ ಮನೆಗಳೇ ನಿಮ್ಮ ಮುಂದಿನ ದೂರಿನ ವಿಳಾಸ.